ಬೆಳಿಗ್ಗೆ ನಾಟೊ ತಿಂದವರು

"ಹೊರಡೋ ಮೊದಲು ಒಂದೇ ಒಂದು ಪ್ರಶ್ನೆ," ಎಂದಳು ಚಿಗುಸಾ, ಎಂದಿನಂತೆ ಮುಖವನ್ನು ಬಿಗಿ ಮಾಡಿಕೊಂಡು. "ಇವತ್ತು ಬೆಳಿಗ್ಗೆ ಯಾರಾದರೂ ನಾಟೊ ತಿಂದು ಬಂದಿದ್ದೀರಾ?"

ಸೈಜೊ ಸ್ಟೇಷನ್ನಿನ ಎದುರು ಚಳಿಗೆ ಮುದುಡಿ ನಿಂತಿದ್ದ ಪುಟ್ಟ ಗುಂಪು ನಕ್ಕಿತು. ಈ ನಗು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅಕ್ಕಿಯ ಮದ್ಯವಾದ ಸಾಕೆಯನ್ನು ತಯಾರಿಸುವ ಕುರಾ ಎಂಬ ಹಳೆಯ ಕಾರ್ಖಾನೆಗಳ ಬೀದಿಗೆ ಚಳಿಗಾಲದಲ್ಲಿ ಅವಳು ಕರೆದೊಯ್ಯುವ ಪ್ರತಿ ನಡಿಗೆಯೂ ಈ ಪ್ರಶ್ನೆಯಿಂದ, ಈ ನಗುವಿನಿಂದಲೇ ಶುರುವಾಗುತ್ತಿತ್ತು.

"ತಿಂದ್ರೆ ಏನಾಗತ್ತಮ್ಮ?" ಎಂದು ಒಸಾಕಾದಿಂದ ಬಂದಿದ್ದ ಮುದುಕರು ಕೇಳಿದರು.

"ಒಳಗೆ ಬಿಡಲ್ಲ, ಯಜಮಾನ್ರೇ. ಸೋಯಾ ಕಾಳನ್ನ ಹುದುಗಿಸಿ ಲೋಳೆಲೋಳೆ ನಾಟೊ ಮಾಡತ್ತಲ್ಲ, ಆ ಜೀವಾಣು ಬಲು ಗಟ್ಟಿ. ನಿಮ್ಮ ಬಾಯಲ್ಲಿ, ಬಟ್ಟೇಲಿ ಕೂತು ಕುರಾದ ಒಳಗೆ ಬಂತು ಅಂದ್ರೆ ಅಕ್ಕಿ ಮೇಲೆ ನಾವು ಬೆಳೆಸೋ ಕೋಜಿ ಅನ್ನೋ ಬೂಷ್ಟನ್ನ ಉಳಿಸಲ್ಲ. ಸಾಕೆ ಮಾಡೋರು ಚಳಿಗಾಲ ಪೂರ್ತಿ ನಾಟೊ ಮುಟ್ಟೋದಿಲ್ಲ. ನಾನೂ ಮುಟ್ಟಲ್ಲ."

"ಇವರು ತಿಂದಿಲ್ಲ ಬಿಡಿ," ಎಂದರು ಅವರ ಹೆಂಡತಿ. "ತಿಂದಿದ್ರೆ ರೈಲಲ್ಲೇ ನಾನು ಬೇರೆ ಸೀಟು ಹುಡುಕ್ತಿದ್ದೆ."

ಮತ್ತೆ ನಗು. ಆ ನಗುವಿನ ಹಿಂದಿನಿಂದ ಒಂದು ಕೈ ನಿಧಾನವಾಗಿ ಮೇಲೆದ್ದಿತು.

ಮುಖಕ್ಕಿಂತ ಮೊದಲು ಅವಳು ಕೈಯನ್ನು ಗುರುತಿಸಿದಳು. ವರ್ಷಗಟ್ಟಲೆ ಬೆಚ್ಚಗಿನ ಕೋಜಿಯನ್ನು ಉಜ್ಜಿ ಉಜ್ಜಿ ಬೆಳ್ಳಗೆ, ಹೆಂಗಸರ ಕೈಗಿಂತ ಮೆತ್ತಗೆ ಆಗಿದ್ದ ಗಂಡಸಿನ ಕೈ. ಊರಲ್ಲಿ ಅಂಥ ಕೈಗಳು ಹಲವಿದ್ದವು. ಅವಳು ಕದ್ದು ನೋಡಿದ್ದದ್ದು ಇದೊಂದನ್ನೇ.

ಸೋಹೇ. ಹೊಸೋಯಾ ಮನೆತನದ ಕುರಾದ ತೋಜಿ, ಅಲ್ಲಿನ ಎಲ್ಲ ಕೆಲಸಗಾರರ ಹಿರಿಯ. ಈ ಹೊತ್ತಿಗೆ ಹಬೆಯ ನಡುವೆ ನಿಂತಿರಬೇಕಾದವನು ಬೂದು ಕೋಟು ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಪ್ರವಾಸಿಗರ ಸಾಲಿನ ಕೊನೆಯಲ್ಲಿ ನಿಂತಿದ್ದ.

"ನಾನು ತಿಂದಿದ್ದೀನಿ," ಎಂದ ಅವನು.

"ಸಿಕ್ಕಿಬಿದ್ರು ನೋಡಿ," ಎಂದು ಮುದುಕರು ಚಪ್ಪಾಳೆ ತಟ್ಟಿದರು.

ಎಲ್ಲರೂ ಅವಳ ಮಾತಿಗೆ ಕಾದರು. ಜನವರಿಯಲ್ಲಿ ಒಬ್ಬ ತೋಜಿ ನಾಟೊ ತಿನ್ನುವುದೆಂದರೆ ಏನೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದೊಂದು ಮಡಿ. ಮರೆತು ಮುರಿಯುವಂಥದ್ದಲ್ಲ. ಬೇಕೆಂದೇ ಮುರಿಯಬೇಕು, ಮುರಿದ ಮೇಲೆ ಒಳಗೆ ಕಾಲಿಡುವ ಹಾಗಿಲ್ಲ.

"ಹಾಗಾದರೆ," ಎಂದಳು ಚಿಗುಸಾ, ತನ್ನ ದನಿ ತನಗೇ ದೂರದಿಂದ ಕೇಳಿಸಿದಂತಾಗಿ, "ತಾವು ಬಾಗಿಲವರೆಗೆ ಮಾತ್ರ ಬರಬಹುದು."

"ಗೊತ್ತು," ಎಂದ ಸೋಹೇ.

*

ಬೀದಿಯ ಬಿಳಿ ಗೋಡೆಗಳ ಮೇಲೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಇಟ್ಟಿಗೆಯ ಹೊಗೆಗೂಡುಗಳ ನಡುವೆ ಅನ್ನದ ಹಬೆ ಹಬ್ಬಿತ್ತು. ಅವಳು ಹಿಮ್ಮುಖವಾಗಿ ನಡೆಯುತ್ತ ಮಾತಾಡಿದಳು. ಅದು ಅವಳ ಅಭ್ಯಾಸ. ಇವತ್ತು ಅದರಿಂದ ಕಷ್ಟವಾಯಿತು. ಕಣ್ಣೆತ್ತಿದರೆ ಸಾಲಿನ ಕೊನೆಯಲ್ಲಿ ಅವನಿದ್ದ.

"ಸೂರಿನ ಕೆಳಗೆ ನೇತಾಡ್ತಿದೆಯಲ್ಲ, ಸುಗಿ ಮರದ ಎಲೆಯ ಚೆಂಡು. ಹೊಸ ಸಾಕೆ ಬಂದಾಗ ಹಸಿರು ಚೆಂಡು ಕಟ್ತಾರೆ. ಒಳಗೆ ಸಾಕೆ ಮಾಗಿದ ಹಾಗೆ ಹೊರಗೆ ಚೆಂಡು ಕಂದಾಗತ್ತೆ."

"ನನ್ನ ಯಜಮಾನರ ತಲೆ ಹಾಗೆ," ಎಂದರು ಒಸಾಕಾದ ಹೆಂಗಸು. "ಹೊರಗೆ ಬಣ್ಣ ಹೋಗ್ತಾ ಬಂತು. ಒಳಗೆ ಏನು ಮಾಗಿತೋ ದೇವರೇ ಬಲ್ಲ."

"ನಾನು ಮಾಗಿದ್ದು ಇವಳಿಗೆ ಹೇಗೆ ಗೊತ್ತಾಗಬೇಕು? ರುಚಿ ನೋಡಿದ್ದೇ ಇಲ್ಲ," ಎಂದರು ಮುದುಕರು.

ಸೋಹೇ ಮುಗುಳ್ನಕ್ಕ. ಆ ನಗು ತುಟಿಯಲ್ಲೇ ನಿಂತದ್ದನ್ನು ಚಿಗುಸಾ ನೋಡಿದಳು. ಅವನು ತಲೆಯೆತ್ತಿ ಹಬೆಯತ್ತ ನೋಡುತ್ತಿದ್ದ, ತನಗೆ ಬಾರದ ಭಾಷೆಯ ಬೋರ್ಡು ಓದಲು ಹೆಣಗುವವನ ಹಾಗೆ.

ಅವಳಿಗೆ ತನ್ನ ಮೊದಲ ದಿನ ನೆನಪಾಯಿತು. ಅಮ್ಮ ತೀರಿಕೊಂಡ ಮೇಲೆ ಮಿತೊ ಊರಿನಿಂದ ಚಿಕ್ಕಮ್ಮನ ಮನೆಗೆ ಬಂದು, ಗೈಡ್ ಕೆಲಸಕ್ಕೆ ಸೇರಿದ ಹೊಸತು. ಮಿತೊದವರಿಗೆ ನಾಟೊ ಇಲ್ಲದೆ ಬೆಳಗಾಗುವುದಿಲ್ಲ. ಎಲ್ಲರಿಗೂ ನಿಯಮ ಹೇಳಿ, ತಾನೇ ಮರೆತು, ಬೆಳಿಗ್ಗೆ ಬಟ್ಟಲು ತುಂಬ ತಿಂದು ಬಂದಿದ್ದಳು. ಕುರಾದ ಬಾಗಿಲು ಇನ್ನೂ ದೂರವಿತ್ತು. ಒಳಗಿನಿಂದ ಒಬ್ಬ ಹೊರಗೆ ಬಂದು ಅಂಗೈ ಅಡ್ಡ ಹಿಡಿದ.

"ನಾಟೊ," ಎಂದಿದ್ದ. ಕಣ್ಣು ಮುಚ್ಚಿ ಇನ್ನೊಮ್ಮೆ ಉಸಿರೆಳೆದುಕೊಂಡು, "ಮೇಲೆ ಸಾಸಿವೆ. ಜೇಬಲ್ಲಿ ಕಿತ್ತಳೆ ಸಿಪ್ಪೆ."

ಅವಳು ನಾಚಿಕೆಯಿಂದ ನೆಲಕ್ಕಿಳಿದು ಹೋಗಿದ್ದಳು. ಪ್ರವಾಸಿಗರು ಒಳಗೆ, ಗೈಡ್ ಹೊರಗೆ. ಬಾವಿಯ ಪಕ್ಕದ ಕಲ್ಲಿನ ಮೇಲೆ ಕೂತು ಕೈ ಉಜ್ಜಿಕೊಳ್ಳುತ್ತಿದ್ದಾಗ ಅವನು ಬಿಸಿ ಬಿಸಿ ಅಕ್ಕಿಯ ಸಿಹಿಪಾನಕ ತಂದು, ದೂರದಲ್ಲೇ ನೆಲದ ಮೇಲಿಟ್ಟು ಹಿಂದೆ ಸರಿದಿದ್ದ.

"ಬೇಜಾರು ಮಾಡ್ಕೋಬೇಡಿ," ಎಂದಿದ್ದ. "ಸಿಪ್ಪೆಯ ವಾಸನೆ ಚೆನ್ನಾಗಿತ್ತು."

ಅಂದಿನಿಂದ ಅವಳ ಜೇಬಿನಲ್ಲಿ ಕಿತ್ತಳೆ ಇಲ್ಲದ ಚಳಿಗಾಲವಿಲ್ಲ. ಅಂದಿನಿಂದ ಅದೊಂದು ಆಟ. ಅವನು ಬೆನ್ನು ಹಾಕಿ ಕೆಲಸ ಮಾಡುತ್ತಿರುವಾಗ ಅವಳು ಸದ್ದಿಲ್ಲದೆ ಬಂದು ನಿಲ್ಲುವಳು. ಅವನು ತಿರುಗದೆಯೇ, "ಬಂದ್ರಾ, ಚಿಗುಸಾ ಅವರೇ," ಎನ್ನುವನು. ಒಮ್ಮೆಯೂ ತಪ್ಪಿರಲಿಲ್ಲ.

ಟ್ಯಾಂಕುಗಳ ಮುಂದೆ ಅವಳು ಪ್ರವಾಸಿಗರಿಗೆ ಹೇಳುವ ಮಾತೆಲ್ಲ ಅವನು ಕೊಟ್ಟದ್ದೇ. ಕೋಜಿಗೆ ಸುಟ್ಟ ಚೆಸ್ಟ್‌ನಟ್ಟಿನ ವಾಸನೆ. ಟ್ಯಾಂಕಿನಲ್ಲಿ ನೊರೆಯಾಡುವ ಗಂಜಿಗೆ ಮೊದಲು ಸೇಬು, ಆಮೇಲೆ ಮಾಗಿದ ಬಾಳೆ, ಕೊನೆಗೆ ನಿದ್ದೆಯಿಂದ ಎದ್ದ ಮಗುವಿನ ತಲೆ.

ಕಳೆದ ಶರತ್ಕಾಲದಲ್ಲಿ ಅಕ್ಕಿ ಬಂದ ದಿನ ಅವನು ಹೇಳಿದ್ದ: "ವಸಂತ ಬರಲಿ. ಕೊನೇ ಅಕ್ಕಿ ಬೆಂದು ಹಬೆಯ ಹಂಡೆ ಮಗುಚಿ ಹಾಕಿದ ಮೇಲೆ ನಿಮಗೊಂದು ಮಾತು ಹೇಳೋದಿದೆ."

"ಈಗಲೇ ಹೇಳಬಾರದಾ?"

"ಕೆಲಸ ಶುರುವಾಗುವಾಗ ಕೈ ನಡುಗಬಾರದು."

ಆ ಒಂದು ಮಾತಿನ ಮೇಲೆ ಅವಳು ಇಡೀ ಚಳಿಗಾಲವನ್ನು ಕಟ್ಟಿಕೊಂಡಿದ್ದಳು. ಅಷ್ಟರಲ್ಲಿ ಅವನಿಗೆ ಜ್ವರ ಬಂತು, ವಾಸಿಯಾಯಿತು. ಅವನು ಮತ್ತೆ ಕೆಲಸಕ್ಕೆ ಬಂದ ದಿನ ಅವಳು ಎಂದಿನಂತೆ ಬೆನ್ನ ಹಿಂದೆ ಹೋಗಿ ನಿಂತಳು. ಅವನು ತಿರುಗಲಿಲ್ಲ. ಮರುದಿನವೂ ತಿರುಗಲಿಲ್ಲ. ಅವಳು ಕೆಮ್ಮಲಿಲ್ಲ, ಕರೆಯಲಿಲ್ಲ. ಬಂದ ಹಾಗೆ ಹಿಂದಿರುಗಿದಳು.

ಕೊಟ್ಟ ಮಾತನ್ನು ವಾಪಸು ತಗೊಳ್ಳಲು ಜನ ಎಷ್ಟೋ ದಾರಿ ಹುಡುಕುತ್ತಾರೆ. ಇದು ಅವನ ದಾರಿ ಎಂದುಕೊಂಡಿದ್ದಳು.

*

ಹೊಸೋಯಾ ಕುರಾದ ಬಾಗಿಲಲ್ಲಿ ಎಲ್ಲರೂ ಬೂಟು ಕಳಚಿ ಚಪ್ಪಲಿ ಹಾಕಿಕೊಂಡರು. ಸೋಹೇ ಬಾವಿಯ ಹತ್ತಿರ ನಿಂತ.

"ಪಾಪ, ಒಬ್ಬರೇ ಚಳೀಲಿ," ಎಂದರು ಒಸಾಕಾದ ಹೆಂಗಸು. "ಬಾಯಿ ಮುಕ್ಕಳಿಸಿಕೊಂಡ್ರೆ ಬಿಡಲ್ವಾ, ಗೈಡಮ್ಮ?"

"ಬಿಡಲ್ಲ."

"ನಿಮ್ಮದು ಕಲ್ಲು ಮನಸ್ಸು ಕಣ್ರೀ."

ಚಿಗುಸಾ ಒಳಗೆ ಹೋದಳು.

ಒಳಗೆ ಸೋಹೇಯ ಕೈಕೆಳಗಿನ ಗೊನ್‌ಜೋ ಏಣಿಯ ಮೇಲಿದ್ದ. ಅವಳನ್ನು ನೋಡಿ ತಲೆ ಬಾಗಿಸಿದ, ಎತ್ತಲಿಲ್ಲ. ಸಾಲಿನ ಕೊನೆಯ ಟ್ಯಾಂಕಿನ ಮುಚ್ಚಳ ತೆಗೆದಿತ್ತು. ಅದು ಖಾಲಿಯಾಗಿತ್ತು, ತೊಳೆದು, ಒಣಗಲು ಬಿಟ್ಟಿದ್ದರು. ಜನವರಿಯಲ್ಲಿ ಯಾವ ಕುರಾದಲ್ಲೂ ಟ್ಯಾಂಕು ಖಾಲಿ ನಿಲ್ಲುವುದಿಲ್ಲ.

ಅದನ್ನು ದಾಟಿ ಪಕ್ಕದ ಟ್ಯಾಂಕಿನ ಮುಂದೆ ಗುಂಪನ್ನು ನಿಲ್ಲಿಸಿದಳು. "ಇಲ್ಲಿ ಬಗ್ಗಿ ಮೂಸಿ ನೋಡಿ. ಮೊದಲು ಸೇಬು. ಆಮೇಲೆ ಬಾಳೆ..."

"ಇವರಿಗೆ ಹೇಳಿ ಏನು ಪ್ರಯೋಜನ?" ಎಂದರು ಒಸಾಕಾದ ಹೆಂಗಸು. "ಇವರಿಗೆ ಮೂಗೇ ಇಲ್ಲ. ಮದುವೆಯಾದಾಗಿನಿಂದ ಒಂದೇ ಸೆಂಟು ಹಾಕ್ತೀನಿ. ಇವತ್ತಿಗೂ ಗೊತ್ತಾಗಿಲ್ಲ."

ಎಲ್ಲರೂ ನಕ್ಕರು. ಏಣಿಯ ಮೇಲಿದ್ದ ಗೊನ್‌ಜೋ ನಗಲಿಲ್ಲ. ಅವನು ಥಟ್ಟನೆ ಮುಖ ತಿರುಗಿಸಿಕೊಂಡ ರೀತಿ ನೋಡಿ ಚಿಗುಸಾಳ ಮಾತು ಅರ್ಧಕ್ಕೆ ನಿಂತಿತು. ತಿರುಗದ ಬೆನ್ನು, ಖಾಲಿ ಟ್ಯಾಂಕು, ಮೇಲೆತ್ತಿದ ಕೈ. ಒಂದೊಂದಾಗಿ ಬಂದು ಅವಳೆದುರು ನಿಂತವು.

"ಕೊನೆಗೆ?" ಎಂದು ಯಾರೋ ಕೇಳಿದರು. "ಬಾಳೆ ಆದಮೇಲೆ?"

"ಕೊನೆಗೆ," ಎಂದಳು. "ನೀವೇ ಹೇಳಿ. ಒಬ್ಬೊಬ್ಬರಿಗೆ ಒಂದೊಂದು ಥರ."

ರುಚಿ ನೋಡುವ ಕೋಣೆಗೆ ಅವರನ್ನು ಕಳಿಸಿ, ಅಂಗಡಿಯಾಕೆಗೆ ಒಪ್ಪಿಸಿ, ಹಿಂದಿನ ಬಾಗಿಲಿನಿಂದ ಹೊರಬಿದ್ದಳು.

*

ಅವನು ಬಾವಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಅವಳೇ ಒಂದು ದಿನ ಕೂತಿದ್ದ ಕಲ್ಲು. ಬಿದಿರಿನ ಕೊಳವೆಯಿಂದ ನೀರು ಸದ್ದು ಮಾಡುತ್ತ ತೊಟ್ಟಿಗೆ ಬೀಳುತ್ತಿತ್ತು. ಅವನ ಬೆನ್ನು ಅವಳ ಕಡೆಗಿತ್ತು.

ಅವಳು ಹೆಜ್ಜೆ ಸಪ್ಪಳವಾಗದಂತೆ ಬಂದು ಹಿಂದೆ ನಿಂತಳು. ಕಾದಳು. ತಿರುಗಲಿಲ್ಲ.

ಜೇಬಿನಿಂದ ಕಿತ್ತಳೆ ತೆಗೆದು ಉಗುರು ಊರಿದಳು. ಎಣ್ಣೆ ಚಿಮ್ಮಿ ಅವಳದೇ ಕಣ್ಣು ಉರಿಯಿತು. ಅಂಥ ಘಾಟು. ಇನ್ನೂ ಹತ್ತಿರಕ್ಕೆ, ಅವನ ಕಿವಿಯ ಪಕ್ಕಕ್ಕೇ ಕೈ ಒಯ್ದು ಸುಲಿದಳು.

"ಸಿಪ್ಪೆ ಸುಲೀತಿದ್ದೀರಾ?" ಎಂದ ಅವನು, ತಿರುಗದೆಯೇ.

ಅವಳು ಸುಲಿಯುವುದನ್ನು ನಿಲ್ಲಿಸಿದಳು. "ಗೊತ್ತಾಯ್ತಾ?"

"ಸದ್ದು ಕೇಳಿಸ್ತು."

ನೀರು ಬೀಳುತ್ತಲೇ ಇತ್ತು. ಅವಳು ಸುತ್ತಿ ಬಂದು ಅವನ ಎದುರು ನಿಂತಳು.

"ಯಾವಾಗಿನಿಂದ?"

"ಆ ಜ್ವರದಿಂದ. ಮೊದಲು ಶೀತ ಅಂದ್ಕೊಂಡೆ. ಶೀತ ಹೋಯ್ತು, ವಾಸನೆ ಮಾತ್ರ ಬರಲಿಲ್ಲ."

"ಡಾಕ್ಟರು?"

"ಕೆಲವರಿಗೆ ವಾಪಸ್ ಬರತ್ತಂತೆ, ಕೆಲವರಿಗೆ ಇಲ್ವಂತೆ. ಹಾಗಂತ ಹೇಳಿ ಅವರು ಕಿಟಕಿ ಕಡೆ ನೋಡಿದ್ರು."

"ಆ ಟ್ಯಾಂಕು..."

"ಗೊನ್‌ಜೋ ಊರಿಗೆ ಹೋಗಿದ್ದ. ನಾನು ದಿನಾ ಏಣಿ ಹತ್ತಿ ಬಗ್ಗಿ ನೋಡ್ತಿದ್ದೆ. ನೊರೆ ಚೆನ್ನಾಗೇ ಇತ್ತು. ಕಣ್ಣಿಗೆ ಏನೂ ತಪ್ಪು ಕಾಣಲಿಲ್ಲ. ಅವನು ವಾಪಸ್ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಅವನ ಮುಖ ನೋಡಿ ನನಗೆ ವಾಸನೆ ಗೊತ್ತಾಯ್ತು."

ಅವನ ದನಿಯಲ್ಲಿ ಏರಿಳಿತವಿರಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದ.

"ಎಲ್ಲರೂ ಸೇರಿ ಅದನ್ನ ಚರಂಡಿಗೆ ಬಿಟ್ವಿ. ಯಾರೂ ಒಂದು ಮಾತು ಆಡಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಮಾಲೀಕರು ಟೀ ಕೊಟ್ಟು, ವಸಂತದವರೆಗೆ ವಿಶ್ರಾಂತಿ ತಗೊಳ್ಳಿ ಅಂದ್ರು."

"ಹಾಗಾದ್ರೆ ವಿಶ್ರಾಂತಿ ತಗೊಳ್ಳಿ. ಅದಕ್ಕೆ ನಾಟೊ ಯಾಕೆ?"

"ಮಲಗಿದ್ರೂ ಬೆಳಗಿನ ಜಾವ ಎಚ್ಚರ ಆಗತ್ತೆ. ಕಾಲು ತಾನಾಗೇ ಈ ಕಡೆ ಬರತ್ತೆ. ಮೊನ್ನೆ ಕೋಜಿ ಕೋಣೆ ಬಾಗಿಲು ತೆಗೆದು ಒಳಗೆ ನಿಂತ ಮೇಲೇ ನೆನಪಾಗಿದ್ದು, ನಾನು ಇನ್ನು ಇಲ್ಲಿಯವನಲ್ಲ ಅಂತ. ಅದಕ್ಕೆ ಇವತ್ತು ಸ್ಟೇಷನ್ ಹತ್ತಿರ ಕೂತು ಒಂದು ಬಟ್ಟಲು ತಿಂದೆ. ಇನ್ನು ಕಾಲಿಗೂ ಗೊತ್ತಾಗತ್ತೆ." ತುಟಿ ಒರೆಸಿಕೊಂಡು ಹೇಳಿದ, "ಎಷ್ಟು ವರ್ಷದ ಮೇಲೆ ಚಳಿಗಾಲದಲ್ಲಿ ತಿಂದದ್ದು. ಬಾಯಲ್ಲಿ ಬರೀ ಲೋಳೆ."

 ಅವಳು ಅವನತ್ತ ಒಂದು ಹೆಜ್ಜೆ ಇಟ್ಟಳು.

"ನನಗೆ ಹೇಳಬಹುದಿತ್ತಲ್ಲ. ನಾನು ದಿನಾ ಬಂದು ನಿಮ್ಮ ಹಿಂದೆ ನಿಲ್ತಿದ್ದೆ."

ಅವನು ಮೊದಲ ಬಾರಿಗೆ ಅವಳ ಮುಖ ನೋಡಿದ. "ನಿಲ್ತಿದ್ರಾ?"

ಅವನಿಗೆ ಗೊತ್ತೇ ಇರಲಿಲ್ಲ. ಅವಳ ಆ ದಿನಗಳ ಅವಮಾನ, ರಾತ್ರಿಯ ಅಳು, ಇನ್ನು ಹೋಗಬಾರದು ಎಂಬ ಶಪಥ, ಮತ್ತೆ ಹೋದದ್ದು, ಎಲ್ಲವೂ ಒಂದು ಬೆನ್ನಿನ ಹಿಂದೆ ನಡೆದಿತ್ತು. ಬೆನ್ನಿಗೆ ಸುದ್ದಿಯೇ ಇರಲಿಲ್ಲ.

"ನೀವು ಬರೋದು ಬಿಟ್ರಿ ಅಂದ್ಕೊಂಡೆ," ಎಂದ ಸೋಹೇ. "ಗೊತ್ತಾಗಿರಬೇಕು, ಅದಕ್ಕೇ ಬಿಟ್ಟಿದ್ದಾರೆ, ಅದೂ ಒಳ್ಳೇದೇ ಅಂತ."

"ವಸಂತದಲ್ಲಿ ಏನೋ ಹೇಳ್ತೀನಿ ಅಂದಿದ್ರಿ."

"ಅಂದಿದ್ದೆ."

"ಈಗ ಹೇಳಿ."

"ಅದನ್ನ ಹೇಳಬೇಕಾಗಿದ್ದವನು ತೋಜಿ. ಅವನು ಇವತ್ತು ಬೆಳಿಗ್ಗೆ ನಾಟೊ ತಿಂದುಬಿಟ್ಟ."

"ನಾನು ತೋಜಿಯನ್ನ ಕೇಳ್ತಿಲ್ಲ," ಎಂದಳು. ಇಷ್ಟು ವರ್ಷ ನಾಲಿಗೆಯ ತುದಿಯಲ್ಲಿ ತಡೆದಿಟ್ಟುಕೊಂಡಿದ್ದ ಪದ ತಾನಾಗಿ ಹೊರಬಂತು. "ನಿನ್ನನ್ನ ಕೇಳ್ತಿದ್ದೀನಿ."

ಅವನು ತಲೆ ತಗ್ಗಿಸಿದ. ಬೆಳ್ಳಗಿನ ಕೈಗಳು ಮೊಣಕಾಲಿನ ಮೇಲೆ ಸುಮ್ಮನೆ ಬಿದ್ದಿದ್ದವು. ಅವುಗಳನ್ನೇ ನೋಡುತ್ತ ಹೇಳಿದ:

"ನಿನ್ನ ಜೊತೆ ಒಂದು ಮನೆ ಮಾಡಬೇಕು ಅಂತಿತ್ತು. ಬಾಗಿಲು ತೆಗೆದ ಕೂಡಲೇ ನೀನು ಒಳಗಿದ್ದೀಯ ಅಂತ ಗೊತ್ತಾಗೋ ಅಂಥ ಮನೆ."

ಅವಳು ಕಾದಿದ್ದ ಮಾತು ಇದೇ. ಬಂತು. ಬಂದು, ನಿಲ್ಲಲು ಜಾಗವಿಲ್ಲದೆ ಅವರಿಬ್ಬರ ನಡುವೆ ನಿಂತಿತು.

"ಮಾಡೋಣ," ಎಂದಳು.

"ನೀನು ಅಡುಗೆ ಮಾಡ್ತೀಯ. ನನಗೆ ಬಿಸಿ ಗೊತ್ತಾಗತ್ತೆ, ಉಪ್ಪು ಗೊತ್ತಾಗತ್ತೆ. ಅಷ್ಟೇ. ಅಷ್ಟು ಸಾಕೆ ನಿನಗೆ?"

"ಸಾಕು."

"ನನಗೆ ಸಾಕಾಗಲ್ಲ, ಚಿಗುಸಾ."

ಅದನ್ನು ಅವನು ಮೃದುವಾಗಿಯೇ ಹೇಳಿದ. 

"ನೀನು ಎದುರು ಕೂತಾಗೆಲ್ಲ ಇಲ್ಲದ್ದನ್ನೇ ಹುಡುಕ್ತೀನಿ. ಈಗ ಕೂಡ ಹುಡುಕ್ತಿದ್ದೀನಿ. ಸಿಕ್ಕಲ್ಲ. ಒಂದು ದಿನ ನಿನ್ನನ್ನೇ ದೂರ್ತೀನಿ, ನೀನೇ ಏನೋ ಕಡಿಮೆ ಮಾಡ್ಕೊಂಡೆ ಅಂತ. ಅಂಥವನಾಗೋ ಮೊದಲು ಹೋಗಬೇಕು. ಅಕಿತ್ಸುದಲ್ಲಿ ಅಣ್ಣನ ಹತ್ತಿರ ಕಡಲ ಸಿಂಪಿಯ ಚಿಪ್ಪು ಒಡೆಯೋ ಕೆಲಸ ಇದೆ. ದಿನವಿಡೀ ಸಮುದ್ರದ ನಾತ. ಆ ಕೆಲಸಕ್ಕೆ ನನ್ನಂಥವನೇ ಸರಿ."

ಅದು ತಮಾಷೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹೋಗೋದೇ ಆಗಿದ್ರೆ ಇಲ್ಲಿಗೆ ಬಂದಿದ್ದು ಯಾಕೆ? ಸುಮ್ಮನೆ ಬಸ್ ಹತ್ತಬಹುದಿತ್ತು."

"ನಿನ್ನ ನಡಿಗೆ ಒಂದು ಸಲನೂ ಪೂರ್ತಿ ಕೇಳಿರಲಿಲ್ಲ. ಯಾವಾಗಲೂ ಒಳಗಿರ್ತಿದ್ದೆ." ಅವನು ಕುರಾದ ಗೋಡೆಯತ್ತ ನೋಡಿದ. "ಇವತ್ತು ಟ್ಯಾಂಕಿನ ಹತ್ತಿರ ಏನು ಹೇಳಿದೆ?"

"ಸೇಬು. ಬಾಳೆ."

"ಅದು ನನ್ನ ಮಾತು. ನಿನಗೆ ಏನು ವಾಸನೆ ಬರತ್ತೆ ಅಲ್ಲಿ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

"ನಿಜ ಹೇಳಲಾ? ನನಗೆ ಅಲ್ಲಿ ಸೇಬೂ ಇಲ್ಲ, ಬಾಳೆನೂ ಇಲ್ಲ. ಎಲ್ಲರ ಮುಂದೆ ಸುಳ್ಳು ಹೇಳ್ತಾ ಬಂದಿದ್ದೀನಿ. ನನಗೆ ನಿನ್ನ ಕೆಲಸದ ಅಂಗಿಯ ವಾಸನೆ ಬರತ್ತೆ. ಬೇರೆ ಏನೂ ಇಲ್ಲ."

"ಅದು ಹೇಗಿರತ್ತೆ?"

ಅವಳು ಬಾಯಿ ತೆರೆದಳು. ಮಾತಾಡುವುದೇ ಅವಳ ಕಸುಬು. ಒಂದು ಪದವೂ ಬರಲಿಲ್ಲ. ಕಣ್ಣು ತುಂಬಿ ಬಂತು, ಅವನು ಕಾದ, ನೀರು ತೊಟ್ಟಿಗೆ ಬೀಳುತ್ತಿತ್ತು.

"ಹೇಳೋಕೆ ಬರ್ತಿಲ್ಲ," ಎಂದಳು ಕೊನೆಗೆ.

"ಪರವಾಗಿಲ್ಲ," ಎಂದ ಅವನು, ಅವಳನ್ನೇ ಸಮಾಧಾನ ಮಾಡುವ ಹಾಗೆ.

ಒಳಗಿನಿಂದ ನಗು ಹತ್ತಿರವಾಯಿತು. ಒಸಾಕಾದ ಹೆಂಗಸು ಕೆನ್ನೆ ಕೆಂಪಾಗಿಸಿಕೊಂಡು, ಗಂಡನ ತೋಳು ಹಿಡಿದು ಹೊರಗೆ ಬಂದರು. "ಗೈಡಮ್ಮ, ಇಲ್ಲಿದ್ದೀರಾ? ಇವರು ನಿಜವಾಗಿ ಸೇಬಿನ ವಾಸನೆ ಬಂತು ಅಂತಾರೆ. ನಂಬಬಹುದಾ?" ಆಮೇಲೆ ಅವಳ ಮುಖ ನೋಡಿ, ಅವನ ಮುಖ ನೋಡಿ, ದನಿ ತಗ್ಗಿಸಿ ಗಂಡನನ್ನು ಎಳೆದರು. "ಬನ್ರೀ, ಆ ಕಡೆ ಬಾತುಕೋಳಿ ಇದೆಯಂತೆ."

"ಎಲ್ಲಿ? ನನಗೆ ಕಾಣ್ತಿಲ್ಲ."

"ನಿಮಗೆ ಯಾವತ್ತು ಏನು ಕಂಡಿದೆ? ಬನ್ನಿ ಸುಮ್ಮನೆ."

ಸೋಹೇ ಎದ್ದ. ಅವಳ ಅಂಗೈಯಲ್ಲಿ ಉಳಿದಿದ್ದ ಸಿಪ್ಪೆಯನ್ನು ತೆಗೆದುಕೊಂಡು ತನ್ನ ಕೋಟಿನ ಜೇಬಿಗೆ ಹಾಕಿಕೊಂಡ. ಅವನ ಬೆರಳು ಅವಳ ಬೆರಳಿಗೆ ತಾಗಿ ನಿಂತಿತು. ಇಷ್ಟು ವರ್ಷಗಳಲ್ಲಿ ಅವರು ಮುಟ್ಟಿಕೊಂಡದ್ದು ಅದೊಂದೇ ಸಲ.

"ನಿನಗೆ ಅದರಿಂದ ಏನು ಉಪಯೋಗ?" ಎಂದಳು.

"ಒಣಗಿದ ಮೇಲೆ ಗರಿಗರಿ ಆಗತ್ತಲ್ಲ. ಕೈಗೆ ಸಿಗತ್ತೆ."

ಬೀದಿಯ ತಿರುವಿನವರೆಗೆ ಅವನ ಬೆನ್ನು ಕಾಣಿಸಿತು. ಅವಳು ಹಿಂದೆ ನಿಂತಿದ್ದಳು. ಅವನು ತಿರುಗಲಿಲ್ಲ. ಈ ಸಲ ಅವಳು ನಿಂತಿದ್ದಾಳೆಂದು ಅವನಿಗೆ ಗೊತ್ತಿತ್ತು.

*

ಮರುದಿನ ಹಿಮ ಹನಿಯಾಗಿ ಉದುರುತ್ತಿತ್ತು. ಸ್ಟೇಷನ್ನಿನ ಎದುರು ಹೊಸ ಗುಂಪು, ಹೊಸ ಛತ್ರಿಗಳು.

"ಹೊರಡೋ ಮೊದಲು ಒಂದೇ ಒಂದು ಪ್ರಶ್ನೆ," ಎಂದಳು ಚಿಗುಸಾ. "ಇವತ್ತು ಬೆಳಿಗ್ಗೆ ಯಾರಾದರೂ ನಾಟೊ ತಿಂದು ಬಂದಿದ್ದೀರಾ?"

ನಗು ಬಂತು. ಯಾರ ಕೈಯೂ ಏಳಲಿಲ್ಲ. ಅವಳು ಸಾಲಿನ ಕೊನೆಯವರೆಗೆ ನೋಡಿದಳು. ಆಮೇಲೆ ತನ್ನದೇ ಕೈ ಮೇಲೆತ್ತಿದಳು.

"ಇದೇನ್ರೀ, ಗೈಡೇ ತಿಂದುಬಿಟ್ರೆ ಹೇಗೆ?" ಎಂದರೊಬ್ಬರು.

"ಆಸೆ ಆಯ್ತು," ಎಂದಳು. "ಬಾಗಿಲವರೆಗೆ ನಾನು ಬರ್ತೀನಿ. ಒಳಗೆ ನಿಮ್ಮನ್ನ ಬೇರೆಯವರು ಕರ್ಕೊಂಡು ಹೋಗ್ತಾರೆ."

ಕುರಾದ ಬಾಗಿಲಲ್ಲಿ ಗೊನ್‌ಜೋ ನಿಂತಿದ್ದ. ಅವಳು ಇನ್ನೂ ದೂರದಲ್ಲಿರುವಾಗಲೇ ಅವನ ಮೂಗಿನ ಹೊಳ್ಳೆ ಅರಳಿತು, ಹುಬ್ಬು ಗಂಟಾಯಿತು. ಅವಳ ಮುಖ ನೋಡಿದ. ಬೈಯಬೇಕಾಗಿತ್ತು, ಅದು ಅವನ ಕೆಲಸ. ಬೈಯಲಿಲ್ಲ. ಒಬ್ಬೊಬ್ಬರನ್ನೇ ಒಳಗೆ ಕಳಿಸಿ, ತಲೆ ಬಾಗಿಸಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ.

ಚಿಗುಸಾ ಬಾವಿಯ ಪಕ್ಕದ ಕಲ್ಲಿನ ಮೇಲೆ, ನಿನ್ನೆ ಸೋಹೇ ನೋಡುತ್ತಿದ್ದ ಕಡೆಗೇ ಮುಖ ಮಾಡಿ ಕೂತಳು. ಬಾಯಲ್ಲಿ ಇನ್ನೂ ಲೋಳೆ ಇತ್ತು. ಮಿತೊದ ಮನೆ, ಅಮ್ಮನ ಬಟ್ಟಲು, ಯಾವುದೂ ನೆನಪಾಗಲಿಲ್ಲ. ಜೇಬಿನಿಂದ ಕಿತ್ತಳೆ ತೆಗೆದಳು. ಎರಡು ಬೆರಳಿನಿಂದ ಮೂಗನ್ನು ಒತ್ತಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಸುಲಿಯಲು ಹೊರಟಳು.

ಸದ್ದು ನಿಜವಾಗಿಯೂ ಇತ್ತು. ತೀರಾ ಸಣ್ಣದು, ಹಳೆಯ ಹೊಲಿಗೆ ಒಂದೊಂದೇ ಎಳೆಯಾಗಿ ಬಿಚ್ಚಿಕೊಂಡ ಹಾಗೆ.